ಎರಡನೆಯ ಗುಂಡು

ಕಣದಲ್ಲಿ ಎತ್ತುಗಳು ಸುತ್ತುತ್ತಿದ್ದವು; ಅವುಗಳ ಹಿಂದೆ ಸಣ್ಣಸ್ವಾಮಿ ಸುತ್ತುತ್ತಿದ್ದ. ಬೆಳಗಿನಿಂದ ಇದೇ ಆಗಿತ್ತು. ಹುಲ್ಲಿನ ದೂಳು ಮೂಗಿನೊಳಗೆ ಕೂತು, ಬಿಸಿಲು ನೆತ್ತಿಗೆ ಬಂದು, ಎಡಗಾಲಿನಲ್ಲಿ ಬೆರಳುಗಳಿಲ್ಲದ ಜಾಗ ಎಂದಿನಂತೆ ನವೆಯಾಗತೊಡಗಿತ್ತು. ಇಲ್ಲದ ಬೆರಳು ಹೇಗೆ ನವೆಯಾಗುತ್ತದೆ ಎಂದು ಹೆಂಡತಿ ಮುತ್ತಮ್ಮ ಎಷ್ಟೋ ಸಲ ಕೇಳಿದ್ದಾಳೆ. ಹಿಮದಲ್ಲಿ ಕೊಳೆತ ಎರಡು ಬೆರಳುಗಳನ್ನು ಮಿಲಿಟರಿ ಆಸ್ಪತ್ರೆಯವರು ಕತ್ತರಿಸಿ ತೆಗೆದು, ಇನ್ನು ನೀನು ನಮಗೆ ಬೇಡ ಎಂದು ಮನೆಗೆ ಕಳಿಸಿದ್ದರು. ಊರಿನವರು ಮಾತ್ರ ಅವನನ್ನು ಇನ್ನೂ ಮಿಲ್ಟ್ರಿ ಸಣ್ಣಸ್ವಾಮಿ ಎಂದೇ ಕರೆಯುತ್ತಾರೆ. ಗೌರವಕ್ಕೆ ಕರೆಯುತ್ತಾರೋ ಲೇವಡಿಗೆ ಕರೆಯುತ್ತಾರೋ ಎಂದು ಮೊದಮೊದಲು ಅವನು ಅವರ ಮುಖ ನೋಡಿ ತಿಳಿಯಲು ನೋಡುತ್ತಿದ್ದ. ಈಗ ಅದಕ್ಕೂ ಬೇಸರ. ಎತ್ತುಗಳ ಬಾಯಿಗೆ ಕುಕ್ಕೆ ಕಟ್ಟಿತ್ತು. ತಿನ್ನುವ ಆಸೆಯನ್ನೇ ಬಿಟ್ಟು ಅವು ಸುಮ್ಮನೆ ತುಳಿಯುತ್ತಿದ್ದವು. ಸರಿಯಾದ ಹೊತ್ತಿಗೆ ತನ್ನ ಬಾಯಿಗೂ ಯಾರಾದರೂ ಒಂದು ಕುಕ್ಕೆ ಕಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಆಡಿದ್ದಾದರೂ ಏನು ಮಹಾ, ಎರಡು ಪದ.

ಗಂಗೆ ಬಂದು ಕಣದ ಅಂಚಿನಲ್ಲಿ ನಿಂತದ್ದನ್ನು ಅವನು ಒಂದು ಸುತ್ತು ನೋಡದವನಂತೆ ಕಳೆದ. ಇನ್ನೊಂದು ಸುತ್ತಿಗೆ ನೋಡದೆ ಗತಿಯಿರಲಿಲ್ಲ. ಮಹದೇವಪ್ಪನ ಹೆಂಡತಿ ಅವಳು. ಮಹದೇವಪ್ಪ ಇವನ ಜೊತೆಯಲ್ಲಿ ಪಲ್ಟನ್ನು ಸೇರಿದವನು, ಜೊತೆಯಲ್ಲಿ ಕಾಶ್ಮೀರದ ಗುಡ್ಡ ಹತ್ತಿದವನು, ಜೊತೆಯಲ್ಲಿ ಇಳಿಯದೆ ಹೋದವನು. ಮದುವೆಯಾಗಿ ಒಂದು ಬೇಸಾಯ ಮುಗಿಯುವುದರೊಳಗೆ ಗಂಡನನ್ನು ರೈಲು ಹತ್ತಿಸಿದ ಗಂಗೆಗೆ ಅವನ ಮುಖ ನೆನಪಿದೆಯೋ ಇಲ್ಲವೋ ಎಂದು ಸಣ್ಣಸ್ವಾಮಿಗೆ ಎಷ್ಟೋ ಸಲ ಅನುಮಾನ ಬಂದಿದೆ. ಹಣೆಯಲ್ಲಿ ಕುಂಕುಮವಿತ್ತು, ಕೈ ತುಂಬ ಬಳೆಯಿತ್ತು. ಅವುಗಳನ್ನು ಇಟ್ಟುಕೊಳ್ಳುವುದೂ ತೆಗೆಯುವುದೂ ತನ್ನ ಕೈಯಲ್ಲಿಲ್ಲ ಎನ್ನುವ ಹಾಗೆ ಅವಳು ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು.

ಅರಕಲಗೂಡಿನಿಂದ ತನ್ನಣ್ಣ ಗಾಡಿ ಕಟ್ಟಿಕೊಂಡು ಬಂದಿದ್ದಾನೆ ಎಂದಳು. ಸೆರೆ ಸಿಕ್ಕಿದವರನ್ನೆಲ್ಲ ಆಚೆಯವರೂ ಈಚೆಯವರೂ ಅದಲುಬದಲು ಮಾಡಿಕೊಂಡು ಎಷ್ಟು ಕಾಲವಾಯಿತು, ಬರುವವರು ಬಂದಾಯಿತು, ಇನ್ನು ಬೊಂಬೆ ಮಾಡಿ ಸುಟ್ಟು ತಿಥಿ ಮಾಡಿಬಿಡಿ, ಹುಡುಗಿಯನ್ನು ನಾವು ಕರೆದುಕೊಂಡು ಹೋಗುತ್ತೇವೆ ಎನ್ನುತ್ತಿದ್ದಾನೆ. ಊರ ಯಜಮಾನ ತಿಮ್ಮಯ್ಯನೂ ಹೂಂ ಅಂದಿದ್ದಾನೆ. ಅತ್ತೆ ಚಲುವಮ್ಮ ಮಾತ್ರ ಒಪ್ಪಿಲ್ಲ. ಸಣ್ಣಸ್ವಾಮಿ ಬಂದು ತನ್ನೆದುರು ನಿಂತು ಹೇಳಲಿ, ಆಮೇಲೆ ನೋಡೋಣ ಎಂದು ಪಟ್ಟು ಹಿಡಿದು ಕೂತಿದ್ದಾಳೆ.

“ಏನೇಳ್ಲಿ ಗಂಗೆ? ಗೊತ್ತಿರದ್ನ ಅವತ್ತೇ ಹೇಳಿವ್ನಲ್ಲ,” ಎಂದ.

ಅವಳು ನೆಲ ನೋಡಿದಳು. “ಅವ್ರು ಬದುಕಿರ್ಲಿ ಅಂತ್ಲೂ ನಂಗೆ ಆಸೆ ಐತೆ ಕಣಣ್ಣ. ಇದೊಂದು ಮುಗೀಲಿ ಅಂತ್ಲೂ ಆಸೆ ಐತೆ. ಯಾವ್ದು ಹೆಚ್ಚು ಅಂತ ಕೇಳ್ಬ್ಯಾಡಿ. ನಮ್ಮತ್ತೆ ಮಕ ನೋಡಿ ಏನೂ ಹೇಳ್ಬ್ಯಾಡಿ ಅಷ್ಟೆ. ಇದ್ದದ್ದು ಹೇಳಿ.”

ಇದ್ದದ್ದು ಹೇಳಿ ಎಂದು ಅವಳು ಹೊರಟುಹೋದಳು. ಎತ್ತುಗಳು ಅವನಿಗಾಗಿ ಕಾಯದೆ ಇನ್ನೊಂದು ಸುತ್ತು ಬಂದವು. ಅವನಿಗೆ ಯಾರ ಮೇಲೋ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದೆ ಬಾರುಕೋಲಿನಿಂದ ಬಲಗಡೆಯ ಎತ್ತಿಗೆ ಒಂದು ಹಾಕಿದ. ಅದು ತಿರುಗಿಯೂ ನೋಡಲಿಲ್ಲ.

ಇದ್ದದ್ದನ್ನೇ ಅವನು ಹೇಳಿದ್ದು. ಅದೇ ಅವನ ಕಷ್ಟ. ಕಾಲಿಗೆ ಬಟ್ಟೆ ಸುತ್ತಿಕೊಂಡು ಊರಿಗೆ ಬಂದ ಮಾರನೆಯ ದಿನ ಚಲುವಮ್ಮನ ಜಗಲಿಯಲ್ಲಿ ಕೂತು ಹೇಳಿದ್ದ: ಮಹದೇವಪ್ಪನನ್ನೂ ಇನ್ನಿಬ್ಬರನ್ನೂ ಕೈ ಮೇಲೆತ್ತಿಸಿ ನಡೆಸಿಕೊಂಡು ಹೋದರು, ದಿಬ್ಬದ ಆಚೆ ಇಳಿಸಿದರು. ಗುಂಡು ಹೊಡೆದರೇ ಎಂದು ಚಲುವಮ್ಮ ಕೇಳಿದಳು. ಒಂದೇ ಕೇಳಿಸ್ತು, ಎಂದ. ಆ ಒಂದೇ ಎನ್ನುವ ಮಾತು ಬಿದ್ದದ್ದೇ ತಡ, ಮುದುಕಿಯ ಮುಖದಲ್ಲಿ ಏನೋ ಬಿಚ್ಚಿಕೊಂಡಿತು. “ಒಂದೇನಾ? ಒಂದಾದ್ರೆ ಸಾವಲ್ಲ ಬಿಡು,” ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋಗಿ ಅವನಿಗೆ ಊಟಕ್ಕೆ ಇಟ್ಟಳು. ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಎರಡು. ಇವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಆಸುಪಾಸಿನಲ್ಲಿ ಗದ್ದೆ ಮಾಡಿದವರು. ಇವರ ಅಜ್ಜಂದಿರು ಕೋವಿ ಮುಟ್ಟಿದವರಲ್ಲ. ಆದರೆ ಹೊಳೆಯಾಚೆಯ ಕೊಡವರ ಮನೆಗಳ ಕೋವಿಯ ಸದ್ದು ಕೇಳಿ ಕೇಳಿ ಎರಡು ತಲೆಮಾರು ಕಳೆದಿವೆ. ಗುಂಡಿನ ಸದ್ದಾದರೆ ಹಾಲು ಕರೆಯುವವಳು ಕೈ ನಿಲ್ಲಿಸುತ್ತಾಳೆ, ಉಳುವವನು ಎತ್ತು ನಿಲ್ಲಿಸುತ್ತಾನೆ, ಎರಡನೆಯದು ಬರುತ್ತದೆಯೋ ಎಂದು ಕಿವಿಗೊಡುತ್ತಾರೆ. ಬರದಿದ್ದರೆ ಗಂಡು ಎಂದು ನಕ್ಕು ಮತ್ತೆ ಕೆಲಸಕ್ಕೆ. ಬಂದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಸಾವಿನ ಮನೆಯ ದಾರಿ. ಕಾಶ್ಮೀರದ ಗುಡ್ಡದ ಮೇಲೆ ಕೋವಿ ಹಿಡಿದ ಯಾವನಿಗೆ ಕೊಡಗಿನ ಈ ಲೆಕ್ಕ ಗೊತ್ತಿರುತ್ತದೆ ಎಂದು ತಿಮ್ಮಯ್ಯ ಆಗಲೇ ನಕ್ಕಿದ್ದ. ನಗುವಂಥದ್ದೇ. ಆದರೆ ಪೊದೆಯ ಹಿಂದೆ ಬಿದ್ದುಕೊಂಡಿದ್ದ ಸಣ್ಣಸ್ವಾಮಿಯೂ ಆ ಹೊತ್ತಿನಲ್ಲಿ ಅದೇ ಲೆಕ್ಕ ಹಾಕಿದ್ದ. ಒಂದು, ಎಂದುಕೊಂಡಿದ್ದ. ಒಂದೇ, ಹಾಗಾದರೆ ಸಾವಲ್ಲ. ಬುದ್ಧಿಯಿದ್ದವನು ಎಣಿಸುವ ಲೆಕ್ಕವೇ ಅದು?

ಮುತ್ತಮ್ಮ ನೀರು ತಂದಿಟ್ಟಳು. ಮುಖ ತೊಳೆದು, ಹೆಗಲ ಮೇಲಿನ ಹೊಟ್ಟು ಕೊಡವಿ, ಪಲ್ಟನ್ನಿನಿಂದ ತಂದ ಖಾಕಿ ಕೋಟು ಹಾಕಿಕೊಂಡ. ಆ ಕೋಟು ಯಾಕೆ, ಪಂಚಾಯ್ತಿಗೆ ಹೋಗುವವರು ಹಾಗೆ ಹೋಗುತ್ತಾರಾ ಎಂದು ಅವಳು ಕೇಳಿದ್ದಕ್ಕೆ ತೆಗೆದ. ತೆಗೆದ ಮೇಲೆ ತಾನು ಯಾವ ಅಧಿಕಾರದಿಂದ ಅಲ್ಲಿ ಮಾತಾಡುವುದು ಎನ್ನಿಸಿ ಮತ್ತೆ ಹಾಕಿಕೊಂಡ. ಮುತ್ತಮ್ಮ ಎತ್ತುಗಳನ್ನು ಹೊಡೆಯಲು ಕಣಕ್ಕಿಳಿದಳು. ಅವಳಿಗೆ ಎಷ್ಟು ಗೊತ್ತು ಎಂದು ಅವನಿಗೆ ಗೊತ್ತಿಲ್ಲ. ರಾತ್ರಿ ನಿದ್ದೆಯಲ್ಲಿ ನಿಮ್ಮ ಕೈ ಯಾಕೆ ಹಾಗೆ ಮೇಲೆ ಹೋಗುತ್ತದೆ ಎಂದು ಒಂದು ಸಲ ಕೇಳಿದ್ದಳು. ಚಳಿಗೆ ಎಂದಿದ್ದ. ಅಂದಿನಿಂದ ಅವಳು ಕೇಳಿಲ್ಲ, ಅವನ ಮೇಲೆ ಇನ್ನೊಂದು ಕಂಬಳಿ ಹೊದಿಸುತ್ತಾಳೆ. ಬೇಸಿಗೆಯಲ್ಲೂ ಹೊದಿಸುತ್ತಾಳೆ.

ಗದ್ದೆಯ ಬದು ಹಿಡಿದು ನಡೆದರೆ ಚಲುವಮ್ಮನ ಮನೆ ಹತ್ತಿರ. ಅವನು ರಸ್ತೆ ಹಿಡಿದ. ಕೊಡಗು ಬೇರೆಯಾಗಿಯೇ ಇರಲಿ ಎಂದು ಮೋರಿಯ ಒಂದು ಕಡೆ, ಮೈಸೂರಿಗೆ ಸೇರಲಿ ಎಂದು ಇನ್ನೊಂದು ಕಡೆ ಸುಣ್ಣದಲ್ಲಿ ಬರೆದಿದ್ದರು. ಓಟಿನ ಗಲಾಟೆ ಮುಗಿಯುತ್ತ ಬಂದು ಎರಡರ ಮೇಲೂ ಯಾರೋ ಬೆರಣಿ ತಟ್ಟಿದ್ದರು. ಈ ಮೋರಿಯ ಹತ್ತಿರವೇ ಹೋದ ವರ್ಷ ಒಂದು ಲಾರಿಯ ಟೈರು ಸಿಡಿದಿತ್ತು. ಸಂತೆಗೆ ಹೋಗುತ್ತಿದ್ದ ಜನ ಟೈರನ್ನು ನೋಡುವ ಬದಲು ಚರಂಡಿಯಲ್ಲಿ ಬೋರಲು ಬಿದ್ದಿದ್ದ ಮಿಲ್ಟ್ರಿ ಸಣ್ಣಸ್ವಾಮಿಯನ್ನು ನೋಡಿದರು. ಹೆಂಗಸರು ನಗಲಿಲ್ಲ, ಅದೇ ಹೆಚ್ಚು ನೋಯಿಸಿತು. ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬದಲ್ಲಿ ಹೊಳೆಯಾಚೆ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯವಿಟ್ಟು ಅಲ್ಲಿನ ನಿವೃತ್ತ ಕೊಡವ ಸುಬೇದಾರರು ಅವನಿಗೆ ಮೊದಲ ಗುಂಡಿನ ಮರ್ಯಾದೆ ಕೊಡಬೇಕೆಂದು ಹೇಳಿ ಕಳಿಸಿದ್ದರು. ಅವನು ಮೈ ಬಿಸಿ ಎಂದು ಹೇಳಿಸಿ, ಮಡಿಕೇರಿ ರಸ್ತೆಯಲ್ಲಿ ಕೋವಿಯ ಸದ್ದು ಎಟುಕದಷ್ಟು ದೂರ ನಡೆದು, ಸಂಜೆಗೆ ಹಿಂದಿರುಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಣ್ಣಸ್ವಾಮಿಗೆ ತನ್ನ ಕೈಗಳದ್ದೇ ಭಯ. ಯಾವ ಸದ್ದಿಗೆ ಅವು ಎಲ್ಲಿಗೆ ಹೋಗುತ್ತವೆ ಎಂದು ಹೇಳಲು ಬರುವುದಿಲ್ಲ. ಮಹದೇವಪ್ಪನನ್ನೂ ಅವನನ್ನೂ ಪಲ್ಟನ್ನಿಗೆ ಸೇರಿಸಿದವರು ಆ ಸುಬೇದಾರರೇ. ಗದ್ದೆ ಕೆಲಸದ ಹುಡುಗರ ಎದೆ ಅಳೆದು, ಇಬ್ಬರ ಬೆನ್ನು ತಟ್ಟಿ, ಒಬ್ಬರನ್ನೊಬ್ಬರು ಬಿಡಬೇಡಿ ಎಂದಿದ್ದರು. ಈಗ ಒಂದು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ, ಇವತ್ತೋ ನಾಳೆಯೋ ಎನ್ನುತ್ತಿದ್ದಾರೆ. ನೋಡಿ ಬರಬೇಕು ಎಂದು ಮುತ್ತಮ್ಮ ಹೇಳುತ್ತಲೇ ಇದ್ದಾಳೆ.

ಕಾಶ್ಮೀರದ ಗುಡ್ಡದ ಮೇಲೆ ಅವತ್ತು ಅವನ ಹೊಟ್ಟೆ ಕೆಟ್ಟಿತ್ತು. ಇದನ್ನು ಅವನು ಯಾರಿಗೂ ಹೇಳಿಲ್ಲ, ಹೇಳುವಂಥದ್ದೂ ಅಲ್ಲ. ದಿಬ್ಬದ ಮೇಲೆ ಕಲ್ಲು ಒಟ್ಟಿ ಮರೆ ಮಾಡಿದ ಮೋರ್ಚಾದಲ್ಲಿ ಇದ್ದವರು ನಾಲ್ವರು: ಮಧುರೆಯ ಕಡೆಯ ಒಬ್ಬ ನಾಯಕ, ಮಲಬಾರಿನ ಒಬ್ಬ, ಇವರಿಬ್ಬರು. ಮುಂಜಾವಿನ ಮಂಜಿನಲ್ಲಿ ಎದುರಿನ ಬೋಳುಗುಡ್ಡದಿಂದ ಗುಂಡು ಬರತೊಡಗಿದವು. ಇವರೂ ಹೊಡೆದರು. ಯಾರಿಗೆ ಹೊಡೆಯುತ್ತಿದ್ದೇವೆ ಎಂದು ಕಾಣುತ್ತಿರಲಿಲ್ಲ, ಬಿಳಿ ಮಂಜಿಗೆ ಹೊಡೆದರು, ಮಂಜಿನೊಳಗಿಂದ ಅವರು ಹೊಡೆದರು. ಒಂದು ಕಲ್ಲಿನ ಚೂರು ನಾಯಕನ ಕೆನ್ನೆ ಸೀಳಿತು, ಅಷ್ಟೇ ಗಾಯ. ಒಂದು ಮಡಕೆ ಅನ್ನ ಬೇಯುವಷ್ಟು ಹೊತ್ತೂ ಇರಲಿಲ್ಲ ಆ ಯುದ್ಧ. ಆಮೇಲೆ ಎಲ್ಲ ನಿಂತು, ಎಷ್ಟು ಮೌನವೆಂದರೆ ಮಲಬಾರಿನವನು ಬೀಡಿ ಹಚ್ಚಿದ ಕಡ್ಡಿಯ ಸದ್ದು ಕೇಳಿಸಿತು. ಅವರು ಹೋದರು ಎಂದ ನಾಯಕ. ಸಣ್ಣಸ್ವಾಮಿಗೆ ಹೊಟ್ಟೆ ನುಲಿದು ಬಂತು. ಕೋವಿಯನ್ನು ಮೋರ್ಚಾದ ಗೋಡೆಗೆ ಒರಗಿಸಿ ಕೆಳಗಿನ ಪೊದೆಗೆ ಓಡಿದ. ಹಿಂದಿನಿಂದ ಮಹದೇವಪ್ಪ, ಹೊಳೆ ಗದ್ದೆಗೆ ಗೊಬ್ಬರ ಸಾಲದು ಅಂತಿದ್ದೆ, ಇಲ್ಲಿ ಸುರೀತಿದ್ದೀಯಲ್ಲೋ ಎಂದು ನಕ್ಕ. ಅದು ಅವನು ನಕ್ಕದ್ದು ಕೊನೆಯ ಸಲ. ಕೂತವನು ಕೂತ ಹಾಗೇ ತಲೆಯೆತ್ತಿದಾಗ ಮೋರ್ಚಾದ ಹಿಂದಿನಿಂದ ಜನ ಹತ್ತಿ ಬಂದಿದ್ದರು. ಮೂವರೂ ಕೈಯೆತ್ತಿ ನಿಂತಿದ್ದರು. ನಾಲ್ಕನೆಯವನು ಪಾಯಿಜಾಮದ ಲಾಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬರಿಗೈಯಲ್ಲಿ, ತನ್ನದೇ ಹೊಲಸಿನ ಪಕ್ಕದಲ್ಲಿ ಬೋರಲಾಗಿದ್ದ. ಯುದ್ಧದ ಕಥೆ ಹೇಳಿ ಎಂದು ಊರವರು ಕೇಳಿದಾಗಲೆಲ್ಲ ಅವನಿಗೆ ಮೊದಲು ನೆನಪಾಗುವುದು ಆ ವಾಸನೆ.

ನೀವೆಷ್ಟು ಜನ ಎಂದು ಬಂದವರು ಕೇಳಿದರು. ಗೋಡೆಗೆ ಒರಗಿಸಿದ ನಾಲ್ಕು ಕೋವಿಗಳು ಅಲ್ಲೇ ಇದ್ದವು. ಮೂವರೇ, ಎಂದ ಮಹದೇವಪ್ಪ, ಬಾರದ ಹಿಂದಿಯಲ್ಲಿ. ಒಬ್ಬ ನಿನ್ನೆ ಸತ್ತ, ತೀನ್, ಬಸ್ ತೀನ್. ಎರಡು ಏಟು ಹಾಕಿದರು. ಆಗಲೂ ತೀನ್ ಎಂದ. ದಿಬ್ಬದ ಆಚೆಗೆ ನಡೆಸಿದಾಗ ಅವನ ಕಣ್ಣು ಪೊದೆಯ ಮೇಲೆ ಹಾದು ಹೋಯಿತು, ನಿಲ್ಲಲಿಲ್ಲ. ಹತ್ತು ಹೆಜ್ಜೆಯಾಚೆ ಹೋಗಿ, ಉಳುವ ಹೊತ್ತಿನಲ್ಲಿ ಎತ್ತಿಗೆ ಹೇಳುವ ರಾಗದಲ್ಲಿ, ಗಟ್ಟಿಯಾಗಿ ಕನ್ನಡದಲ್ಲಿ ಕೂಗಿದ: “ಹೋ... ಅಲ್ಲೇ ನಿಲ್ಲು, ಅಲ್ಲೇ... ಹೋ...” ದೇವರನ್ನು ನೆನೆಯುತ್ತಾನೆ ಎಂದುಕೊಂಡರೇನೋ, ಅವರು ಸುಮ್ಮನಿದ್ದರು. ಸಣ್ಣಸ್ವಾಮಿ ಬಿದ್ದಲ್ಲಿಂದ ಅಲುಗಲಿಲ್ಲ. ಹೇಳಿದ ಮಾತು ಕೇಳುವ ಎತ್ತಿನ ಹಾಗೆ ಅಲ್ಲೇ ಉಳಿದ. ಅವರು ದಿಬ್ಬ ಇಳಿದು ಮರೆಯಾದರು. ಆಮೇಲೆ ಒಂದು ಗುಂಡಿನ ಸದ್ದು ಬಂತು. ಒಂದು ಎಂದು ಮನಸ್ಸು ಎಣಿಸಿತು. ಎರಡನೆಯದು ಬಂದರೆ ಸಾವು ಎಂದು ಅದೇ ಮನಸ್ಸು ಹೇಳಿತು. ಹೇಳಿದ್ದೇ ತಡ, ಅವನ ಕೈಗಳು ತಾವಾಗಿಯೇ ಎದ್ದು ಎರಡೂ ಕಿವಿಗಳನ್ನು ಮುಚ್ಚಿದವು. ಬೆರಳುಗಳನ್ನು ಒಳಕ್ಕೆ ತುರುಕಿ, ಹಣೆಯನ್ನು ಮಣ್ಣಿಗೆ ಒತ್ತಿ, ತನ್ನ ರಕ್ತ ಬಡಿಯುವ ಸದ್ದನ್ನೇ ಕೇಳುತ್ತ ಬಿದ್ದಿದ್ದ. ಎಷ್ಟು ಹೊತ್ತೋ. ಕೈ ತೆಗೆದಾಗ ಬಿಸಿಲು ಬಂದಿತ್ತು, ಒಂದು ಹಕ್ಕಿ ಕೂಗುತ್ತಿತ್ತು. ನಡುವೆ ಎರಡನೆಯದು ಬಂತೋ, ಮೂರನೆಯದು ಬಂತೋ, ಏನೂ ಬರಲಿಲ್ಲವೋ. ಒಂದೇ ಕೇಳಿಸ್ತು ಎಂದದ್ದು ಸುಳ್ಳಲ್ಲ. ಅವನ ಕಿವಿಗಳ ಮಟ್ಟಿಗೆ ಅದು ಸತ್ಯ. ಮಹದೇವಪ್ಪ ತನ್ನನ್ನು ಉಳಿಸಲು ಎಣಿಕೆಯಲ್ಲಿ ಒಂದನ್ನು ನುಂಗಿದ್ದ. ತಾನೂ ನುಂಗಿರಬಹುದು, ಆದರೆ ಯಾರನ್ನು ಉಳಿಸಲು ಎಂದು ಯೋಚಿಸಿದಾಗಲೆಲ್ಲ ಸಣ್ಣಸ್ವಾಮಿಗೆ ಎಲ್ಲಾದರೂ ಮಲಗಿಬಿಡಬೇಕೆನ್ನಿಸುತ್ತಿತ್ತು.

ಚಲುವಮ್ಮನ ಅಂಗಳದಲ್ಲಿ ಗಾಡಿ ನಿಂತಿತ್ತು. ಎತ್ತುಗಳನ್ನು ಹುಣಸೆ ಮರಕ್ಕೆ ಕಟ್ಟಿ ಗಂಗೆಯ ಅಣ್ಣ ಅವುಗಳ ಮುಂದೆ ಹುಲ್ಲು ಹಾಕುತ್ತಿದ್ದ. ಅವನು ಕೆಟ್ಟವನಲ್ಲ, ತಂಗಿಯ ಮುಖ ನೋಡಲಾರದೆ ಬಂದವನು. ಹಾಸನದ ಕಡೆ ಹೆಂಡತಿ ಸತ್ತ ಒಬ್ಬ ಒಳ್ಳೆಯ ರೈತನಿದ್ದಾನೆ, ಕೂಡಿಕೆ ಮಾಡಿಕೊಳ್ಳಲು ಒಪ್ಪಿದ್ದಾನೆ, ಇವಳಿಗೂ ಒಂದು ಬಾಳು ಅಂತ ಆಗುತ್ತದೆ ಎಂದು ಸಣ್ಣಸ್ವಾಮಿಯ ಹತ್ತಿರ ಬಂದು ಮೆಲ್ಲನೆ ಹೇಳಿದ. ಬದುಕಿರುವವನ ಹೆಂಡತಿಯನ್ನು ಹಾಗೆ ಕೊಡಲು ಬರುವುದಿಲ್ಲ, ಸತ್ತವನ ಹೆಂಡತಿ ಎನ್ನಲು ಯಾರೂ ಬಾಯಿ ಬಿಡುವುದಿಲ್ಲ ಎಂದ. ಜಗಲಿಯ ಮೇಲೆ ತಿಮ್ಮಯ್ಯ ಗೋಡೆಗೆ ಒರಗಿದ್ದ, ಊರಿನ ಇನ್ನೂ ನಾಲ್ಕು ಜನರಿದ್ದರು. ತಂತಿಯ ಮೇಲೆ ಮಹದೇವಪ್ಪನ ಕಂಬಳಿ ಬಿಸಿಲಿಗೆ ಹಾಕಿತ್ತು. ವಾರಕ್ಕೊಮ್ಮೆ ಚಲುವಮ್ಮ ಅದನ್ನು ಬಿಸಿಲಿಗೆ ಹಾಕುತ್ತಾಳೆ. ನುಸಿ ಹಿಡಿದರೆ ಬಂದವನು ಬೈಯುತ್ತಾನೆ ಎನ್ನುತ್ತಾಳೆ. ಬಾಗಿಲ ಪಕ್ಕದಲ್ಲಿ ಮೊಣಕಾಲು ಮಡಿಸಿ ಕೂತಿದ್ದವಳು ಅವನನ್ನು ಕಂಡು, ಕಣಕ್ಕೆ ಎಷ್ಟು ಹೊರೆ ಬಂತು, ಕಾಲು ಹೇಗಿದೆ ಎಂದು ವಿಚಾರಿಸಿದಳು. ಬಿಸಿಲಿನಲ್ಲಿ ನಿಲ್ಲಬೇಡ, ಮೇಲೆ ಬಾ ಎಂದಳು. ಈ ಮನೆಯಲ್ಲಿ ಅವನಿಗೆ ಯಾವಾಗಲೂ ಮೊದಲು ಸಿಗುವುದು ಪ್ರೀತಿ. ಅದು ಅವನಿಗೆ ಬೇಡವಾಗಿತ್ತು.

ತಿಮ್ಮಯ್ಯ ಸುತ್ತು ಬಳಸಿ ಮಾತಾಡುವವನಲ್ಲ. ಮೂರು ವರ್ಷವಾಯಿತು, ಸರ್ಕಾರಕ್ಕೂ ಗೊತ್ತಿಲ್ಲ ಅಂತಾಯಿತು, ಚಲುವಮ್ಮ ಒಂದೇ ಗುಂಡು ಎನ್ನುವ ಮಾತಿಗೆ ಜೋತುಬಿದ್ದಿದ್ದಾಳೆ, ಆ ಮಾತು ನಿನ್ನದು, ಅದನ್ನು ಇನ್ನೊಂದು ಸಲ ಸರಿಯಾಗಿ ನೆನೆಸಿಕೊಂಡು ಹೇಳು ಎಂದ. ತಪ್ಪು ಕೇಳಿಸಿರಬಹುದು, ಗಾಳಿಯಿರಬಹುದು, ಗುಡ್ಡದ ಜಾಗ, ಹಾಗೆ ಹೇಳಿದರೂ ಆಯಿತು ಎಂದು ದಾರಿಯನ್ನೂ ತೋರಿಸಿದ. ಎಲ್ಲರೂ ಅವನತ್ತ ತಿರುಗಿದರು. ಬಾಗಿಲಿನೊಳಗೆ ಕತ್ತಲಲ್ಲಿ ಗಂಗೆಯ ಬಳೆಗಳು ಒಂದು ಸಲ ಸದ್ದು ಮಾಡಿ ಸುಮ್ಮನಾದವು.

ಗಾಳಿಯಿತ್ತು ಎಂದುಬಿಟ್ಟರೆ ಸಾಕಾಗಿತ್ತು. ಬರುವ ದಾರಿಯಲ್ಲಿ ಹಾಗೇ ಹೇಳಬೇಕೆಂದೂ ಇದ್ದ. ಆದರೆ ಚಲುವಮ್ಮ ಮುಖವೆತ್ತಿ ನೋಡುತ್ತಿದ್ದಳು. ಮಗನ ಬಾಯಿಂದ ಬರುವ ಮಾತಿಗೆ ಕಾದವಳ ಹಾಗೆ ಅವಳ ತುಟಿಗಳು ಮೊದಲೇ ಅಲುಗುತ್ತಿದ್ದವು. ಗಾಳಿ ಎಂದರೆ ಯಾವ ಕಡೆಯ ಗಾಳಿ ಎಂದು ಕೇಳುತ್ತಾಳೆ. ನೀನೆಲ್ಲಿದ್ದೆ ಎಂದು ಕೇಳುತ್ತಾಳೆ. ಒಂದು ಎಳೆ ಹಿಡಿದು ಎಳೆದರೆ ಪೊದೆ, ಲಾಡಿ, ಒರಗಿಸಿಟ್ಟ ಕೋವಿ, ಕಿವಿಯೊಳಗಿನ ಬೆರಳು, ಎಲ್ಲ ಹೊರಗೆ ಬರುತ್ತವೆ. ಇಷ್ಟು ಜನರೆದುರು ಅಷ್ಟನ್ನೂ ಎತ್ತಿ ಹೇಳುವ ಶಕ್ತಿ ತನ್ನಲ್ಲಿಲ್ಲ ಎಂದು ಅವನಿಗೆ ಗೊತ್ತಾಯಿತು. ಹೆದರಿಕೆಗಿಂತ ಹೆಚ್ಚಾಗಿ ದಣಿವು.

“ಒಂದೇ ಕಣವ್ವ ಕೇಳಿಸಿದ್ದು,” ಎಂದ.

ತಿಮ್ಮಯ್ಯ ಉಸಿರು ಬಿಟ್ಟ. ಚಲುವಮ್ಮ ಯಾರ ಕಡೆಗೂ ಗೆದ್ದವಳ ಹಾಗೆ ನೋಡಲಿಲ್ಲ. ಅಷ್ಟೇ ಸಾಕು ಎಂಬಂತೆ ತಲೆಯಾಡಿಸಿ, ಎಲ್ಲರಿಗೂ ಕಾಫಿ ಕೊಡು ಎಂದು ಒಳಗೆ ಹೇಳಿದಳು. ಗಂಗೆ ಲೋಟಗಳನ್ನು ತಂದಳು. ಬೆಲ್ಲದ ಕಾಫಿ, ಹೊಗೆಯಾಡುತ್ತಿತ್ತು. ಸಣ್ಣಸ್ವಾಮಿಯ ಮುಂದೆ ಲೋಟ ಇಡುವಾಗ ಅವಳು ಅವನ ಮುಖ ನೋಡಲಿಲ್ಲ. ಅವಳು ಒಂದು ಬಿರುಮಾತು ಆಡಿದ್ದರೂ ಅವನು ಅದನ್ನು ಹಿಡಿದುಕೊಂಡು ಬದುಕುತ್ತಿದ್ದ. ಅಂಗಳದಲ್ಲಿ ಅವಳ ಅಣ್ಣ ಹುಲ್ಲನ್ನು ಗಾಡಿಗೆ ತುಂಬಿ, ಎತ್ತುಗಳನ್ನು ತಂದು ನೊಗಕ್ಕೆ ಕಟ್ಟತೊಡಗಿದ. ಹೊತ್ತು ಮುಳುಗುವುದರೊಳಗೆ ಹೊಳೆ ದಾಟಬೇಕು ಎಂದ, ಯಾರಿಗೆಂದಿಲ್ಲದೆ. ಜನ ಸುಬೇದಾರರ ಕಾಯಿಲೆಯ ಮಾತಿಗೆ ಇಳಿದರು. ಎಲ್ಲ ಮುಗಿದು ಹೋದ ಹಾಗಿತ್ತು. ಇನ್ನೊಂದು ವರ್ಷ ಕಂಬಳಿ ಬಿಸಿಲಿಗೆ ಬರುತ್ತದೆ, ಬಳೆಗಳು ಕೈಯಲ್ಲಿರುತ್ತವೆ, ತಾನು ರಸ್ತೆಯಲ್ಲೇ ಸುತ್ತಿ ಬರಬೇಕಾಗುತ್ತದೆ. ಸಣ್ಣಸ್ವಾಮಿ ಲೋಟಕ್ಕೆ ಕೈ ಹಾಕಿದ.

ಆಗ ಹೊಳೆಯಾಚೆಯಿಂದ ಒಂದು ಗುಂಡಿನ ಸದ್ದು ಬಂತು.

ಲೋಟ ಉರುಳಿದ್ದು ಅವನಿಗೆ ತಿಳಿಯಲಿಲ್ಲ. ಜಗಲಿಯ ಮೇಲಿನವರೆಲ್ಲ ಇದ್ದಲ್ಲೇ ನಿಂತುಬಿಟ್ಟಿದ್ದರು. ತಿಮ್ಮಯ್ಯನ ಲೋಟ ತುಟಿಯ ಹತ್ತಿರ, ಗಂಗೆಯ ಅಣ್ಣನ ಕೈ ನೊಗದ ಹಗ್ಗದ ಮೇಲೆ. ಎಲ್ಲರ ಮುಖವೂ ಹೊಳೆಯ ಕಡೆಗಿತ್ತು, ಎಲ್ಲರ ಕಿವಿಯೂ ತೆರೆದಿತ್ತು. ಇವನು ಅವರನ್ನು ಬಹಳ ದೂರದಿಂದ, ಗಾಜಿನ ಆಚೆಯಿಂದ ನೋಡುವವನ ಹಾಗೆ ನೋಡಿದ. ಸದ್ದೇ ಇರಲಿಲ್ಲ. ತನ್ನ ರಕ್ತ ಬಡಿಯುವುದು ಮಾತ್ರ ಕೇಳುತ್ತಿತ್ತು, ಅದು ಪರಿಚಯದ ಸದ್ದು. ಆಮೇಲೆ ಹುಣಸೆ ಮರದಿಂದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ತಿಮ್ಮಯ್ಯ ಲೋಟವನ್ನು ಕೆಳಗಿಟ್ಟು ತಲೆಯ ವಸ್ತ್ರ ತೆಗೆದ. ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತರು, ಅವರ ಬಾಯಿಗಳು ಅಲುಗಿದವು. ಚಲುವಮ್ಮ ಮಾತ್ರ ಹೊಳೆಯ ಕಡೆ ನೋಡುತ್ತಿರಲಿಲ್ಲ. ಅವಳು ಇವನನ್ನು ನೋಡುತ್ತಿದ್ದಳು. ಅವಳ ಕಣ್ಣು ತನ್ನ ಎಡಗೈಯ ಮೇಲೆ, ಆಮೇಲೆ ಬಲಗೈಯ ಮೇಲೆ ಹೋದದ್ದನ್ನು ಕಂಡ ಮೇಲೆಯೇ ಸಣ್ಣಸ್ವಾಮಿಗೆ ತನ್ನ ಕೈಗಳು ಎಲ್ಲಿವೆಯೆಂದು ಗೊತ್ತಾದದ್ದು.

ಕಿವಿಗಳಿಂದ ಕೈ ಇಳಿಸಿದ. ಸುಬೇದಾರರು ಹೋದರು ಎಂದು ಯಾರೋ ಹೇಳುತ್ತಿದ್ದರು. ಹೇಳುತ್ತಿದ್ದವನೂ ಚಲುವಮ್ಮನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದ.

“ಈಗ ಎಷ್ಟು ಕೇಳಿಸ್ತಪ್ಪ, ಸಣ್ಣಸ್ವಾಮಿ?” ಎಂದು ಅವಳು ಕೇಳಿದಳು.

ಎರಡು ಎಂದು ಅವನಿಗೆ ಗೊತ್ತಿತ್ತು. ಹಾರಿದ ಹಕ್ಕಿಗಳು ಹೇಳಿದ್ದವು, ತಿಮ್ಮಯ್ಯನ ಬರಿದಲೆ ಹೇಳಿತ್ತು. ಎರಡು ಎಂದುಬಿಡಬಹುದಿತ್ತು, ನಾಲಿಗೆಯ ತುದಿಯಲ್ಲಿತ್ತು. ಮುದುಕಿಯ ಕಣ್ಣಿನಲ್ಲಿ ಸಿಟ್ಟಿನ ಸುಳಿವಾದರೂ ಇದ್ದಿದ್ದರೆ ಹಾಗೇ ಹೇಳಿರುತ್ತಿದ್ದನೇನೋ. ಆದರೆ ಅವಳು ಕಾಯಿಲೆಯ ಮಗುವನ್ನು ಎಲ್ಲಿ ನೋವು ಎಂದು ಕೇಳುವವಳ ಹಾಗೆ ಕೇಳಿದ್ದಳು.

“ಒಂದೇ, ಅವ್ವ.”

“ಅವತ್ತೂ ಹಿಂಗೇನಾ?”

ಅವನು ಹೌದೆಂದು ತಲೆಯಾಡಿಸಿದ. ಹೇಳಬೇಕಾದದ್ದು ಇನ್ನೂ ಬಹಳವಿತ್ತು, ಪೊದೆಯದ್ದು, ಎತ್ತಿಗೆ ಹೇಳುವ ಹಾಗೆ ಹೇಳಿದ ಆ ಮಾತಿನದ್ದು. ಅವಳು ಕೇಳಲಿಲ್ಲ. ಗೋಡೆ ಹಿಡಿದು ಎದ್ದು, ಚೆಲ್ಲಿದ ಕಾಫಿ ಅವನ ಕಾಲ ಬಳಿಗೆ ಹರಿದದ್ದನ್ನು ನೋಡಿ, ಲೋಟ ಎತ್ತಿ ನೆಟ್ಟಗೆ ಇಟ್ಟಳು. ಅಂಗಳಕ್ಕಿಳಿದು ತಂತಿಯಿಂದ ಕಂಬಳಿ ತೆಗೆದಳು. ಮಡಿಸಲು ಹೋಗಿ, ಮಡಿಸಲಾರದೆ, ಹಾಗೇ ತೋಳಿನ ಮೇಲೆ ಹಾಕಿಕೊಂಡು ನಿಂತಳು.

“ಗಂಗೆ,” ಎಂದಳು. “ಗಾಡಿ ಬಿಚ್ಚಕ್ಕೆ ಹೇಳವ್ವ ನಿಮ್ಮಣ್ಣಂಗೆ. ನಾಳೆ ತಿಥಿಗೆ ಅವ್ನೂ ಇರ್ಬೇಕಾಯ್ತದೆ.”

ಗಂಗೆ ಬಾಗಿಲಿನಿಂದ ಹೊರಗೆ ಬಂದು ಅಣ್ಣನ ಬಳಿಗೆ ಹೋಗಲಿಲ್ಲ, ಅತ್ತೆಯ ಬಳಿಗೆ ಹೋದಳು. ಹೇಳುವ ಅಗತ್ಯವಿರಲಿಲ್ಲ, ಅಣ್ಣನಿಗೆ ಕೇಳಿಸಿತ್ತು. ನೊಗದ ಹಗ್ಗ ಬಿಚ್ಚಿದ, ಗಾಡಿಯ ಮೂಕಿ ನೆಲಕ್ಕೆ ಇಳಿಯಿತು, ಒಂದು ಎತ್ತು ಕೊರಳ ಗಂಟೆಯನ್ನು ಒದರಿತು. ತಿಮ್ಮಯ್ಯನೂ ಉಳಿದವರೂ ಹೊಳೆಯಾಚೆಯ ಸಾವಿಗೆ ಹೋಗಬೇಕಾದವರು, ಹೋಗಬೇಕೋ ಇರಬೇಕೋ ತಿಳಿಯದೆ ಜಗಲಿಯ ಕೆಳಗೆ ನಿಂತಿದ್ದರು. ಆಗ ಚಲುವಮ್ಮ ಕಂಬಳಿಗೆ ಮುಖವಿಟ್ಟು ಅಳತೊಡಗಿದಳು. ಮೂರು ವರ್ಷ ಅಳದೆ ಇದ್ದವಳು, ಬಾಯಿ ಬಿಟ್ಟು, ಮಗನ ಹೆಸರು ಹಿಡಿದು ಅತ್ತಳು. ಸಣ್ಣಸ್ವಾಮಿಯ ಕೈಗಳು ಮೊಣಕಾಲಿನ ಮೇಲಿದ್ದವು. ಅವುಗಳನ್ನು ಅಲ್ಲೇ ಇಟ್ಟುಕೊಂಡು, ಅವಳು ನಿಲ್ಲಿಸುವವರೆಗೂ ಅವನು ಕೇಳಿದ.